ಚಿಕ್ಕ ಯಜಮಾನರ ಬಾಗಿಲು

ಏಪ್ರಿಲ್ 6, ಸೋಮವಾರ

ಈಸ್ಟರ್ ರಜೆಯಲ್ಲಿ ಉಳಿದಿದ್ದ ಒಂದು ವಾರವನ್ನು ಅಮ್ಮ ನನ್ನನ್ನೊಂದು ಮಾತೂ ಕೇಳದೆ ತಾತನಿಗೆ ದಾನ ಮಾಡಿಬಿಟ್ಟಿದ್ದಾಳೆ. ಶನಿವಾರದವರೆಗೆ ನಾನೂ ತಮ್ಮ ಗಾಸ್ಪರನೂ ಕಾಡಿನ ನಡುವಿನ ಈ ಜೋಳದ ಹೊಲದಲ್ಲಿಯೇ ಇರಬೇಕು. ಊರಿನಿಂದ ಇಲ್ಲಿಗೆ ಒಂದೇ ಕಾಲುದಾರಿ. ಹಸಿರು ಶಿಲುಬೆ ನಿಲ್ಲಿಸಿರುವ ಕವಲಿನಲ್ಲಿ ಬಲಕ್ಕೆ ತಿರುಗಿದರೆ ದೊಡ್ಡ ಬೂರುಗದ ಮರ, ಅದನ್ನು ದಾಟಿದರೆ ತಾತನ ಗುಡಿಸಲು. ಕಣ್ಣು ಕಟ್ಟಿ ಬಿಟ್ಟರೂ ತಪ್ಪುವಂಥದ್ದಲ್ಲ. ಹಿರಿಯಳಾದ್ದರಿಂದ ನಾನು ಮುಂದೆ ನಡೆದೆ. ಗಾಸ್ಪರ್ ಕಂಡ ಓತಿಕ್ಯಾತಗಳನ್ನೆಲ್ಲ ಮಾತನಾಡಿಸುತ್ತ ಹಿಂದೆ ಬಂದ. ಎಂಟು ವರ್ಷ ತುಂಬಿದರೂ ಅವನಿಗೆ ನೆಟ್ಟಗೆ ನಡೆಯಲು ಬರುವುದಿಲ್ಲ. ನೆಟ್ಟಗೆ ಒಂದು ಮಾತು ಹೇಳಲೂ ಬರುವುದಿಲ್ಲ.

ತಾತ ಗುಡಿಸಲ ಬಾಗಿಲಲ್ಲಿ ನಿಂತು ನಕ್ಕ. “ಬಂದ್ಳಪ್ಪ ನಮ್ಮ ಮೇಸ್ತ್ರಮ್ಮ! ಇನ್ನು ಗೋಡೆ ಸೊಟ್ಟ, ಕಂಬ ಸೊಟ್ಟ, ತಾತ ಸೊಟ್ಟ ಅಂತ ಶುರು ಮಾಡ್ತಾಳೆ ನೋಡು.”

“ಕಂಬ ಸೊಟ್ಟಗೇ ಇದೆ ತಾತಾ,” ಎಂದೆ. ಇದ್ದದ್ದನ್ನು ಹೇಳಲು ಏಕೆ ಹಿಂಜರಿಯಬೇಕು? ಅಪ್ಪ ಕಡಲ ತೀರದಲ್ಲಿ ಹೋಟೆಲುಗಳನ್ನು ಕಟ್ಟುವ ಗಾರೆ ಮೇಸ್ತ್ರಿ. ತೂಗುಗುಂಡು ಹಿಡಿದು ಗೋಡೆ ನೋಡುವುದನ್ನು ಅಕ್ಷರ ಕಲಿಯುವ ಮೊದಲೇ ಕಲಿತವಳು ನಾನು.

ಈ ದಿನಚರಿ ನನ್ನೊಬ್ಬಳಿಗಾಗಿ. ಇದರಲ್ಲಿ ನಾನು ಕಂಡದ್ದನ್ನು ಮಾತ್ರ ಬರೆಯುತ್ತೇನೆ. ಗಾಸ್ಪರ್ ಕಂಡೆನೆಂದು ಹೇಳುವುದನ್ನಲ್ಲ.

ಏಪ್ರಿಲ್ 7, ಮಂಗಳವಾರ

ಹೊಲದ ಅಂಚಿನಲ್ಲಿ ಸುಣ್ಣಕಲ್ಲಿನ ಪುಟ್ಟ ಮನೆಯೊಂದಿದೆ. ನನ್ನ ಸೊಂಟದಷ್ಟು ಎತ್ತರ, ಬೆಕ್ಕು ನುಸುಳುವಷ್ಟು ಬಾಗಿಲು, ಅಂಗೈಯಗಲದ ಎರಡು ಕಿಟಕಿ. ತಾತ ಈ ಕಾಡು ಕಡಿದು ಮೊದಲ ಬಿತ್ತನೆ ಮಾಡಿದ ವರ್ಷ ಅದನ್ನು ಕಟ್ಟಿ, ಬಾವಿಯ ತಳದ ಮಣ್ಣಿಗೆ ಕಾಡುಜೇನು ಕಲಸಿ ಒಂದು ಗೊಂಬೆ ಮಾಡಿ ಒಳಗಿಟ್ಟ. ಹೊಲ ಕಾಯುವ ಅಲುಷ್ ಅದು. ಆ ಹೆಸರನ್ನು ಬಾಯಿಬಿಟ್ಟು ಹೇಳಬಾರದು, ಕರೆದಂತಾಗುತ್ತದೆ. ಬರೆಯಬಾರದೆಂದು ಮಾತ್ರ ಯಾರೂ ಹೇಳಿಲ್ಲ. ತಾತ ‘ಚಿಕ್ಕ ಯಜಮಾನ’ ಎನ್ನುತ್ತಾನೆ. ಕಾಡುಹಂದಿಗಳನ್ನು ಅಟ್ಟುವುದು, ಕದಿಯಲು ಬಂದವರ ಮೇಲೆ ಹರಳುಕಲ್ಲು ಎಸೆಯುವುದು, ಬೇಡದವರಿಗೆ ದಾರಿ ತಪ್ಪಿಸುವುದು, ಎಲ್ಲವೂ ಅದರ ಕೆಲಸವಂತೆ. ಪ್ರತಿಯಾಗಿ ತಾತ ಜೋಳದ ಹಿಟ್ಟನ್ನು ನೀರಿನಲ್ಲಿ ಕದಡಿ, ಜೇನು ಬೆರೆಸಿ, ಸಕಾ ಎಂಬ ಆ ಪಾನೀಯವನ್ನು ಸೋರೆಬುರುಡೆಯ ಬಟ್ಟಲಿನಲ್ಲಿ ಇಡುತ್ತಾನೆ. ಆಮೇಲೆ ನೋಡಿದರೆ ಬಟ್ಟಲು ಬರಿದಾಗಿರುತ್ತದೆ. ಇಲಿಗಳಿಗೂ ಜೇನು ಇಷ್ಟವೆಂಬುದನ್ನು ನಾನು ತಾತನಿಗೆ ಹೇಳಲು ಹೋಗಿಲ್ಲ.

ಈ ಒಪ್ಪಂದ ಏಳು ವರ್ಷಕ್ಕೆ ಮಾತ್ರ. ಆಮೇಲೆ ಬಾಗಿಲು ಕಿಟಕಿಗಳನ್ನು ಕಲ್ಲುಗಾರೆಯಿಂದ ಮುಚ್ಚಿ ಅದನ್ನು ಒಳಗೆ ಮಲಗಿಸಬೇಕು. ಮುಚ್ಚದಿದ್ದರೆ ಹೊಲವೆಲ್ಲ ತನ್ನದೆಂದು ಸಾಕಿದವರ ಮೇಲೆಯೇ ತಿರುಗುತ್ತದೆ. ಏಳು ವರ್ಷ ಈಗ ತುಂಬಿದೆ.

“ನನ್ ಕೈಲಿ ಆಗಲ್ಲ ಮಗಾ,” ಎಂದ ತಾತ. “ನಾನೇ ಮಾಡಿದ್ದು, ನಾನೇ ಉಣ್ಸಿದ್ದು. ಈಗ ಮುಖದ ಮುಂದೆ ಕಲ್ಲಿಡೋಕೆ ಮನಸ್ಸು ಬರಲ್ಲ. ನಾಳೆ ನಾನು ಗುಡಿಸಲ ಮಾಡಿಗೆ ತಾಳೆಗರಿ ಕಡಿಯೋಕೆ ಹೋಗ್ತೀನಿ. ಬೆಳಿಗ್ಗೆ, ಆ ಮನೆ ಮೇಲೆ ಬಿಸಿಲು ಬಿದ್ದಿರೋವಾಗ, ನೀನು ಮುಚ್ಬಿಡು. ಒಳಗೆ ಮಾತ್ರ ಇಣುಕಬೇಡಿ. ಮಲಗಿರೋರ ಮುಖ ನೋಡೋದು ಮರ್ಯಾದೆ ಅಲ್ಲ.”

“ಪಾಪ, ಒಳಗೆ ಅವನಿಗೆ ಕತ್ಲೆ ಆಗಲ್ವಾ ತಾತಾ?” ಎಂದು ಗಾಸ್ಪರ್ ಕೇಳಿದ.

ಮಣ್ಣಿನ ಗೊಂಬೆಗೆ ಕತ್ತಲೇನು ಬೆಳಕೇನು ಎಂದು ನಾನೇ ಉತ್ತರ ಕೊಟ್ಟೆ.

ಏಪ್ರಿಲ್ 8, ಬುಧವಾರ

ಗಾರೆಯ ವಿಷಯದಲ್ಲಿ ತಾತನಿಗೆ ತಿಳಿಯದ ಸಂಗತಿಯೊಂದಿದೆ. ಈ ತಿಂಗಳ ಬಿಸಿಲಿನಲ್ಲಿ ಬೆಳಿಗ್ಗೆ ಹಚ್ಚಿದ ಗಾರೆ ಮಧ್ಯಾಹ್ನಕ್ಕೆ ನೀರಾರಿ ಬಿರುಕು ಬಿಡುತ್ತದೆ. ಬೇಸಗೆಯಲ್ಲಿ ಅಪ್ಪ ಕೊನೆಯ ಕೈಯನ್ನು ಯಾವಾಗಲೂ ಹೊತ್ತು ಇಳಿದ ಮೇಲೆಯೇ ಕೊಡುತ್ತಾನೆ. ಆದ್ದರಿಂದ ಬೆಳಿಗ್ಗೆ ಸುಣ್ಣಕ್ಕೆ ಬಿಳಿಮಣ್ಣು ಕಲಸಿ ಒದ್ದೆ ಗೋಣಿ ಮುಚ್ಚಿಟ್ಟೆ. ಹಕ್ಕಿಗಳು ಗೂಡಿಗೆ ಮರಳಿದ ಮೇಲೆ ಕರಣೆ ಹಿಡಿದೆ.

“ಅಕ್ಕಾ, ತಾತ ಬೆಳಿಗ್ಗೆ ಅಂದಿದ್ದ.”

“ತಾತನಿಗೆ ಗಾರೆ ಗೊತ್ತಿಲ್ಲ. ಕಲ್ಲು ಕೊಡು.”

“ಒಳಗಿದಾನೋ ಇಲ್ವೋ, ಒಂದೇ ಒಂದ್ಸಲ ನೋಡೋಣ್ವಾ?”

“ಇಣುಕಬಾರದು ಅಂದಿದ್ದು ನಿನ್ನ ಕಿವಿಗೆ ಬೀಳಲಿಲ್ವಾ?”

ತಾನೂ ಕಲ್ಲಿಡುತ್ತೇನೆಂದು ಹಟ ಹಿಡಿದ. ಇಟ್ಟ ಮೂರೂ ಸೊಟ್ಟ. ಎರಡನ್ನು ಕಿತ್ತು ನಾನೇ ಮತ್ತೆ ಇಟ್ಟೆ. ಕೆಳಮೂಲೆಯ ಒಂದರ ಬಳಿ ಹೋದಾಗ ಅಳುವ ಮುಖ ಮಾಡಿದ್ದರಿಂದ ಅದನ್ನು ಹಾಗೆಯೇ ಬಿಟ್ಟೆ. ಈಗಲೂ ಅದು ಕಣ್ಣಿಗೆ ಚುಚ್ಚುತ್ತದೆ. ಉಳಿದಂತೆ ಅಪ್ಪನೇ ಬಂದು ನೋಡಿದರೂ ತಪ್ಪು ಹಿಡಿಯಲಾರ.

ತಾತ ಗರಿಯ ಹೊರೆಯೊಡನೆ ಬಂದಾಗ ಕತ್ತಲಾಗಿತ್ತು. ಮುಚ್ಚಿದ ಬಾಗಿಲಿಗೆ ನಾನು ಹೊದಿಸಿದ್ದ ಒದ್ದೆ ಗೋಣಿಯ ಮೇಲೆ ಕೈಯಿಟ್ಟು, “ಸುಖವಾಗಿ ಮಲಗಪ್ಪಾ,” ಎಂದ. ಬೇರೇನನ್ನೂ ಕೇಳಲಿಲ್ಲ.

ಏಪ್ರಿಲ್ 9, ಗುರುವಾರ

ಪೊದೆ ಸವರುವಾಗ ಕೊಕ್ಕೆಮಚ್ಚು ಜಾರಿ ತಾತನ ಪಾದಕ್ಕೆ ತಗುಲಿತು. ಗಾಯ ಆಳವಾಗಿದೆ. ಕುದಿಸಿ ಆರಿಸಿದ ನೀರಿನಲ್ಲಿ ತೊಳೆದು ಬಿಳಿ ಬಟ್ಟೆ ಕಟ್ಟಿದೆ. ತಾತ ನೋವಿಗಿಂತ ಹೆಚ್ಚಾಗಿ ಬೆರಗುಗೊಂಡಿದ್ದ. “ಈ ಹೊಲದಲ್ಲಿ ಮಚ್ಚು ಯಾವತ್ತೂ ನನ್ನ ಕಡೆ ತಿರುಗಿದ್ದಿಲ್ಲ,” ಎಂದು ಎರಡೆರಡು ಸಲ ಹೇಳಿದ.

ಸಂಜೆ ಗಾಸ್ಪರ್ ಓಡಿಬಂದು, ಯಾರೋ ತನ್ನ ಮೇಲೆ ಹರಳುಕಲ್ಲು ಎಸೆದರೆಂದ. ಮಂಗಗಳಿರಬೇಕು. ಇಲ್ಲಿ ಮಂಗಗಳಿಲ್ಲವೆಂದು ಅವನ ವಾದ.

ಏಪ್ರಿಲ್ 10, ಶುಕ್ರವಾರ

ತಾತನ ಪಾದ ಕುಂಬಳಕಾಯಿಯಂತೆ ಊದಿದೆ. ಮುಟ್ಟಿದರೆ ಬಿಸಿ. ನಾಳೆ ನಡೆದು ಊರು ಸೇರುವುದು ಅವನಿಂದ ಆಗದ ಮಾತು. ಊರಿನಿಂದ ಬಾಸಿಲಿಯೊ ಮಾವನನ್ನು ಕರೆತರುತ್ತೇನೆಂದು ಬೆಳಿಗ್ಗೆಯೇ ಹೊರಟೆ. ಗಾಸ್ಪರ್ ತಾನೂ ಬರುತ್ತೇನೆಂದ. ತಾತನ ಬಳಿ ಕೂತು ನೊಣ ಓಡಿಸು, ಅಷ್ಟಾದರೂ ನೆಟ್ಟಗೆ ಮಾಡು ಎಂದು ಹೇಳಿ ಒಬ್ಬಳೇ ನಡೆದೆ.

ಇನ್ನು ಮುಂದಿನದನ್ನು ನಡೆದಂತೆಯೇ ಬರೆಯುತ್ತೇನೆ. ಬೂರುಗದ ಮರವನ್ನು ದಾಟಿದೆ. ದಾರಿ ಎಂದಿನಂತೆ ತುಸು ಎಡಕ್ಕೆ ಬಾಗಿತು. ಹಸಿರು ಶಿಲುಬೆ ಕಾಣಿಸಬೇಕಾದ ಜಾಗದಲ್ಲಿ ಹೊಗೆ ಕಾಣಿಸಿತು. ಯಾರದೋ ಒಲೆಯ ಹೊಗೆ. ಸಂತೋಷದಿಂದ ಓಡಿದೆ. ಅದು ನಮ್ಮದೇ ಒಲೆ. ಹಿತ್ತಿಲ ಕಡೆಯಿಂದ ತಾತನ ಗುಡಿಸಲಿಗೆ ಬಂದು ನಿಂತಿದ್ದೆ. ಗಾಸ್ಪರ್ ಕೈಯಲ್ಲಿ ಗರಿ ಹಿಡಿದು, “ಇಷ್ಟು ಬೇಗ ಬಂದ್ಯಾ? ಮಾವ ಎಲ್ಲಿ?” ಎಂದ.

ದಾರಿ ತಪ್ಪಿದೆನೆಂದು ಒಪ್ಪಲು ನಾಲಿಗೆ ಏಳಲಿಲ್ಲ. ನೀರು ಮರೆತಿದ್ದೆ ಎಂದೆ. ಮತ್ತೆ ಹೊರಟೆ. ಈ ಸಲ ಬಿಸಿಲನ್ನು ಬಲಗೆನ್ನೆಗೆ ಇಟ್ಟುಕೊಂಡು, ಎಲ್ಲಿಯೂ ನಿಲ್ಲದೆ, ಎಲ್ಲಿಯೂ ನೋಡದೆ ನಡೆದೆ. ಬಿಸಿಲು ಬಲಗೆನ್ನೆಯ ಮೇಲೆಯೇ ಇತ್ತು, ನಾನು ಬಂದದ್ದು ಮಾತ್ರ ಇಲ್ಲಿಗೇ. ದಾರಿಯ ಹೊರಗೆ ಮುಳ್ಳುಪೊದೆಗಳನ್ನು ಸೀಳಿಕೊಂಡು ಹೋದೆ. ಮುಂಗೈಯೆಲ್ಲ ತರಚಿತು. ಪೊದೆ ಮುಗಿದ ಕಡೆ ನಮ್ಮ ಬಾವಿಯ ಕಟ್ಟೆ ಇತ್ತು.

ತಾತನಿಗೆ ಹೇಳಲೇಬೇಕಾಯಿತು. ಅವನು ಜೋಲಿಯಲ್ಲಿ ಮಲಗಿ ಮಾಡನ್ನು ನೋಡುತ್ತ, “ಇದು ಅವನ ಕೆಲಸಾನೇ. ಆದ್ರೆ ಅವನು ಒಳಗೆ ಮಲಗಿದಾನಲ್ಲ! ಮಲಗಿರೋನು ದಾರಿ ಹೇಗೆ ಮಡಿಸ್ತಾನೆ?” ಎಂದ.

“ದಾರಿ ಯಾರೂ ಮಡಿಸಲ್ಲ ತಾತಾ. ನನಗೆ ತಲೆ ಸುತ್ತಿರಬೇಕು.”

“ಮೂರು ಸಲಾನಾ?” ಎಂದ ಗಾಸ್ಪರ್. ಅವನಿಗೊಂದು ಪೆಟ್ಟು ಕೊಟ್ಟೆ. ಅವನು ಅಳಲಿಲ್ಲ. ಅದು ನನಗೆ ಇನ್ನಷ್ಟು ಸಿಟ್ಟು ತರಿಸಿತು.

ಏಪ್ರಿಲ್ 11, ಶನಿವಾರ

ಇಂದು ಸುಣ್ಣದ ಡಬ್ಬಿ ಹಿಡಿದು ಹೋದೆ. ದಾರಿಯ ಬಲಬದಿಯ ಮರಮರಕ್ಕೂ ಎದೆಯೆತ್ತರದಲ್ಲಿ ಒಂದೊಂದು ನೇರ ಗೆರೆ ಎಳೆದೆ. ಗೆರೆಯಿದ್ದ ಮರ ಮತ್ತೆ ಎದುರಾದರೆ ಆ ದಾರಿ ಬಿಟ್ಟು ಬೇರೆ ಹಿಡಿಯಬೇಕು. ಇದಕ್ಕಿಂತ ಸರಿಯಾದ ಉಪಾಯ ಮನುಷ್ಯನಾದವನಿಗೆ ಹೊಳೆಯದು.

ಗೆರೆಯಿದ್ದ ಮರ ಮತ್ತೆ ಎದುರಾಯಿತು. ಗೆರೆಯ ಕೆಳಗೆ, ನನ್ನ ಮೊಣಕಾಲಿನ ಎತ್ತರದಲ್ಲಿ, ಒಂದು ಕೈಯ ಗುರುತಿತ್ತು. ಸುಣ್ಣದ್ದೇ. ತೊಟ್ಟಿಲ ಕೂಸಿನ ಕೈಯಷ್ಟು ಚಿಕ್ಕದು, ಆದರೆ ಬೆರಳುಗಳಲ್ಲಿ ಮುದುಕರ ಬೆರಳಿನಂತೆ ಗಂಟುಗಳು. ಮುಂದಿನ ಮರದಲ್ಲಿಯೂ ಇತ್ತು. ಅದರ ಮುಂದಿನದರಲ್ಲಿಯೂ.

ಕಂಡದ್ದನ್ನು ಮಾತ್ರ ಬರೆಯುತ್ತೇನೆಂದು ಹೇಳಿದ್ದೆ. ಇದು ನಾನು ಕಂಡದ್ದು.

ಗಾಸ್ಪರನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಆ ಗುರುತಿನ ಮೇಲೆ ತನ್ನ ಅಂಗೈಯಿಟ್ಟು ನೋಡಿ, “ಆಟ ಆಡ್ತಿಲ್ಲ ಅಕ್ಕಾ, ಸಿಟ್ಟು ಬಂದಿದೆ ಅವನಿಗೆ. ಎಷ್ಟು ಒತ್ತಿದಾನೆ ನೋಡು,” ಎಂದ.

ನಿಜ. ತೊಗಟೆ ಅದುಮಿಹೋಗಿತ್ತು.

ಇಷ್ಟು ಹೊತ್ತಿಗೆ ಅಮ್ಮ ಬೀದಿಯ ಬಾಗಿಲಿಗೆ ಬಂದು ನಿಂತಿರುತ್ತಾಳೆ.

ಏಪ್ರಿಲ್ 12, ಭಾನುವಾರ

ಹೋದೆವು. ಬಂದೆವು. ಹೋದೆವು. ಬಂದೆವು.

ತಾತನ ಕಾಲಿನಲ್ಲಿ ಕೆಂಪು ಗೆರೆಯೊಂದು ಮೀನಖಂಡದವರೆಗೆ ಏರಿದೆ. ಅದು ತೊಡೆಗೆ ಏರಿದರೆ ಏನಾಗುತ್ತದೆಂಬುದನ್ನು ಶಾಲೆಯಲ್ಲಿ ಓದಿದ್ದೇನೆ. ಓದದೇ ಇದ್ದಿದ್ದರೆ ಚೆನ್ನಾಗಿತ್ತು.

ಗುರುವಾರದಿಂದಲೂ ಸಂಜೆಯಾಗುತ್ತಲೇ ಆ ಪುಟ್ಟ ಮನೆಯಿಂದ ತಟ್ಟುವ ಶಬ್ದ; ಇಷ್ಟು ದಿನ ಬರೆದಿರಲಿಲ್ಲ. ಟಕ್, ಟಕ್. ನಿಲ್ಲುತ್ತದೆ. ಮತ್ತೆ ಟಕ್, ಟಕ್. ಗಾಸ್ಪರ್ ನನ್ನ ಜೋಲಿಗೆ ಬಂದು ಮಲಗಿದ್ದಾನೆ. ಬಿಡಿಸಲಿಲ್ಲ.

ಏಪ್ರಿಲ್ 13, ಸೋಮವಾರ

ಶಾಲೆ ಇಂದು ತೆರೆದಿರುತ್ತದೆ. ನನ್ನ ಹೆಸರು ಕೂಗಿರುತ್ತಾರೆ, ಯಾರೂ ‘ಇದ್ದೇನೆ’ ಎಂದಿರುವುದಿಲ್ಲ.

ನಾಲ್ಕು ದಿಕ್ಕಿಗೂ ಗೋಡೆಯಿದ್ದರೆ ಅದನ್ನು ಒಡೆಯಬಹುದು, ಹತ್ತಬಹುದು, ಕೊನೆಯಪಕ್ಷ ತಲೆಯನ್ನಾದರೂ ಚಚ್ಚಿಕೊಳ್ಳಬಹುದು. ಇಲ್ಲಿ ಗೋಡೆಯೇ ಇಲ್ಲ. ಆಕಾಶ ತೆರೆದಿದೆ, ಕಾಡು ತೆರೆದಿದೆ, ಕಾಲು ಹೋದತ್ತ ಹೋಗಬಹುದು. ಹೋದವರು ಇಲ್ಲಿಗೇ ಬರುತ್ತಾರೆ. ಹಿಟ್ಟು ಇನ್ನು ಒಂದೆರಡು ಹೊತ್ತಿಗೆ. ತಾತ ಬೆಳಗಿನಿಂದ ಅಜ್ಜಿಯೊಡನೆ ಮಾತನಾಡುತ್ತಿದ್ದಾನೆ. ಅಜ್ಜಿ ತೀರಿಕೊಂಡಾಗ ಗಾಸ್ಪರ್ ಹುಟ್ಟಿರಲಿಲ್ಲ.

ಮಧ್ಯಾಹ್ನ ಗಾಸ್ಪರ್ ನನ್ನ ಲಂಗ ಹಿಡಿದು ಎಳೆದ. “ಅಕ್ಕಾ, ಬಂದು ನೋಡು. ಬೈಬೇಡ, ಸುಮ್ನೆ ನೋಡು.”

ಆ ಪುಟ್ಟ ಮನೆಯ ಮುಂದೆ ಅವನು ಹೊಟ್ಟೆಯ ಮೇಲೆ ಮಲಗಿ ನನ್ನ ಗಾರೆಯನ್ನು ತೋರಿಸಿದ. ಅದರ ಮೇಲೆಲ್ಲ ಗೀರುಗಳು. ಸಣ್ಣ ಉಗುರುಗಳಿಂದ ಕೆರೆದ ಹಾಗೆ, ಒಂದರ ಪಕ್ಕ ಒಂದು, ಒಂದರ ಮೇಲೊಂದು. ಕೆಲವು ಕಡೆ ಗಾರೆ ಹಿಟ್ಟಾಗಿ ಕೆಳಗೆ ಉದುರಿತ್ತು.

“ಹೊರಗೆ ಬರೋಕೆ ಕೆರೆದಿದೆ,” ಎಂದೆ.

“ಹೊರಗೆ ಬರೋಕೆ ಆದ್ರೆ ಒಳಗಿಂದ ಕೆರೀಬೇಕಲ್ವಾ? ಇದು ಈ ಕಡೆಯಿಂದ ಕೆರ್ದಿರೋದು.”

ನಾನು ಮೇಸ್ತ್ರಿಯ ಮಗಳು. ಗೋಡೆಯ ಯಾವ ಮೈಗೆ ಪೆಟ್ಟು ಬಿದ್ದಿದೆಯೆಂದು ನೋಡಿದೊಡನೆ ಹೇಳಬಲ್ಲೆನೆಂದುಕೊಂಡಿದ್ದೆ. ನಾಲ್ಕು ಸಂಜೆ ಆ ಶಬ್ದ ಕೇಳಿಯೂ ಹತ್ತಿರ ಬಂದು ಒಮ್ಮೆಯೂ ನೋಡಿರಲಿಲ್ಲ.

ಎದ್ದು ತಾತನ ಬಳಿ ಹೋದೆ. ಅದೃಷ್ಟಕ್ಕೆ ಜ್ವರ ತುಸು ಇಳಿದು ಗುರುತು ಹಿಡಿಯುತ್ತಿದ್ದ. “ತಾತಾ, ನಾನು ಬೆಳಿಗ್ಗೆ ಮುಚ್ಚಲಿಲ್ಲ. ಸಂಜೆ ಮುಚ್ಚಿದೆ. ಬಿಸಿಲಿಗೆ ಗಾರೆ ಒಡೆಯುತ್ತೆ ಅಂತ.”

ತಾತನ ಹೊಟ್ಟೆ ಕುಲುಕತೊಡಗಿತು. ಅಳುತ್ತಿದ್ದಾನೆಂದುಕೊಂಡೆ, ನಗುತ್ತಿದ್ದ. “ಅಯ್ಯೋ ಮೇಸ್ತ್ರಮ್ಮಾ! ಹಕ್ಕಿ ಮಲಗೋ ಹೊತ್ತಿಗೆ ಅವನ ಪಾಳಿ ಶುರು ಕಣೇ. ಅವನು ಹೊಲ ಕಾಯೋಕೆ ಹೋಗಿದ್ದ. ವಾಪಸ್ ಬಂದು ನೋಡ್ತಾನೆ, ಬಾಗಿಲೇ ಇಲ್ಲ! ನನ್ನ ಮನೆಗೆ ನನ್ನ ಬಿಡ್ಲಿಲ್ಲ, ನಿಮ್ಮ ಮನೆಗೆ ನಿಮ್ಮನ್ನ ಹೇಗೆ ಬಿಡ್ಲಿ ಅಂತ ಕೂತಿದಾನೆ.” ನಕ್ಕು ನಕ್ಕು ಕೆಮ್ಮು ಬಂತು. “ನಾನಾಗಿದ್ರೂ ಹಾಗೇ ಮಾಡ್ತಿದ್ದೆ.”

ಹಾರೆ ಹಿಡಿದು ಒಡೆಯಲು ಹೋದೆ. ನನ್ನ ಗಾರೆ ಒಡೆಯಲಿಲ್ಲ. ಅಷ್ಟು ಒಳ್ಳೆಯ ಕೆಲಸವನ್ನು ನಾನು ಇನ್ನೆಂದೂ ಮಾಡಲಾರೆ. ಕಲ್ಲಿಗೆ ಕಲ್ಲು ಹಲ್ಲು ಕಚ್ಚಿ ಕೂತಿತ್ತು. ಅಂಗೈಯಲ್ಲಿ ಬೊಬ್ಬೆಗಳೆದ್ದವು. “ಇಲ್ಲಿ ಹೊಡಿ ಅಕ್ಕಾ, ಇದು ನಂದು,” ಎಂದು ಗಾಸ್ಪರ್ ಕೆಳಮೂಲೆಯ ಸೊಟ್ಟ ಕಲ್ಲನ್ನು ತೋರಿಸಿದ. ಎರಡೇ ಪೆಟ್ಟಿಗೆ ಅದು ಸಡಿಲವಾಯಿತು. ಅದು ಬಂದ ಮೇಲೆ ಉಳಿದವು ಒಂದೊಂದಾಗಿ ಬಂದವು.

ಈ ಸಲ ಇಣುಕಿದೆವು. ಒಳಗೆ ತಾಳೆಗರಿಯ ಒಂದು ಪುಟ್ಟ ಹಾಸಿಗೆ, ಅದರ ಮೇಲೆ ಯಾರೋ ಮಲಗಿ ಎದ್ದ ತಗ್ಗು. ಗೊಂಬೆ ಇರಲಿಲ್ಲ.

ಉಳಿದ ಹಿಟ್ಟನ್ನೆಲ್ಲ ಕದಡಿ ಜೇನು ಬೆರೆಸಿ ಬಟ್ಟಲನ್ನು ಹೊಸ್ತಿಲಲ್ಲಿಟ್ಟೆವು. ಬೆನ್ನು ತಿರುಗಿಸಿ ಕೂತುಕೊಂಡೆವು. ಬಾಗಿಲ ಮುಂದೆ ಕೂತವರ ನೆರಳು ಹೊಲದ ಕಡೆ ಉದ್ದಕ್ಕೆ ಚಾಚಿತ್ತು. “ಏನಾದ್ರೂ ಹೇಳು ಅಕ್ಕಾ,” ಎಂದ ಗಾಸ್ಪರ್. ನಾನು ಹೇಳಿದೆ: “ಇದು ನಿಮ್ಮ ಮನೆ. ಕೇಳದೆ ಮುಚ್ಚಿದೆವು.”

ಹಕ್ಕಿಗಳ ಗದ್ದಲ ಅಡಗಿತು. ನಮ್ಮಿಬ್ಬರ ನೆರಳಿನ ನಡುವೆ ಮೂರನೆಯದೊಂದು ಬಂದು ನಿಂತಿತು. ಮೊಣಕಾಲೆತ್ತರ, ಮೈಗಿಂತ ದೊಡ್ಡ ಹುಲ್ಲಿನ ಟೋಪಿ. ಅದರ ಕಾಲ ಬಳಿ ಅಳಿಲಿನಷ್ಟೇ ಇರುವ ಒಂದು ನಾಯಿಯ ನೆರಳು ಬಾಲ ಆಡಿಸಿತು. ಗಾಸ್ಪರ್ ನನ್ನ ಬೊಬ್ಬೆಯೆದ್ದ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ ಕಣ್ಣಲ್ಲಿ ನೀರು ಬಂತು. ಹಿಂದಿನಿಂದ ಒಂದು ಮುದಿ ಕೆಮ್ಮು, ಗುಟುಕು ಗುಟುಕಾಗಿ ಕುಡಿಯುವ ಸದ್ದು, ಬಟ್ಟಲು ನೆಲಕ್ಕಿಟ್ಟ ಸದ್ದು.

ತಿರುಗಿ ನೋಡಬಹುದಿತ್ತು. ನೋಡಲಿಲ್ಲ.

ಏಪ್ರಿಲ್ 14, ಮಂಗಳವಾರ

ಮುಂಜಾನೆ ಹೊರಟು ಬೂರುಗದ ಮರದ ಬಳಿ ನಿಂತೆ. ಏನೂ ಇಲ್ಲ. ಎರಡು ಹೆಜ್ಜೆ ಹೋದೆ. ದಾರಿ ಬಾಗುವಂತೆ ಕಂಡಿತು. ಆಗ ಗಾಸ್ಪರ್ ನನ್ನನ್ನು ದಾಟಿ ಮುಂದೆ ಕಾಲಿಟ್ಟ. ಅವನ ಕಾಲಿನ ಮುಂದೆ ಟಿಕ್ ಎಂದು ಒಂದು ಹರಳುಕಲ್ಲು ಬಿತ್ತು. ಇನ್ನೊಂದು ಹೆಜ್ಜೆಯಿಟ್ಟ. ಇನ್ನೊಂದು ಕಲ್ಲು, ಇನ್ನಷ್ಟು ಮುಂದೆ.

“ನನ್ನನ್ನ ಕರೀತಿದಾರೆ ಅಕ್ಕಾ.”

ತಾತನನ್ನು ಒಬ್ಬನನ್ನೇ ಬಿಡುವಂತಿಲ್ಲ. ಕೆಂಪು ಗೆರೆ ಮೊಣಕಾಲು ದಾಟಿದೆ. ನಾನು ಗಾಸ್ಪರನ ಅಂಗಿಯ ಗುಂಡಿ ಹಾಕಿದೆ. ಶಿಲುಬೆಯ ಹತ್ತಿರ ಎಡಕ್ಕೆ ತಿರುಗಬೇಕು ಎಂದೆ. ಗೊತ್ತು ಎಂದ. ನೀರಿನ ಸೋರೆಬುರುಡೆ ಹಿಡಿದುಕೋ ಎಂದೆ. ಹಿಡಿದುಕೊಂಡಿದ್ದೀನಿ ಎಂದ. ಆಮೇಲೆ ಹೇಳುವುದಕ್ಕೆ ಏನೂ ಉಳಿಯಲಿಲ್ಲ. ಅವನು ಹೋದ. ಅಡ್ಡಾದಿಡ್ಡಿ ನಡೆಯುತ್ತ, ಕಲ್ಲು ಬಿದ್ದಲ್ಲಿ ಜಿಗಿಯುತ್ತ. ನೆಟ್ಟಗೆ ನಡೆದಿದ್ದರೆ ಆ ಕಲ್ಲುಗಳ ಹಿಂದೆ ಹೋಗಲಾಗುತ್ತಿರಲಿಲ್ಲ.

ತಾತನ ಬಾಯಿಗೆ ನೀರು. ಬಟ್ಟೆ ಬದಲಿಸಿದೆ. 

ನೆರಳು ಕಂಬದ ಬುಡಕ್ಕೆ ಬಂತು. ಗಾಸ್ಪರ್ ಇನ್ನೂ ಬರಲಿಲ್ಲ.

ಹಾವುಗಳಿವೆ, ನೋಡಿ ನಡೆ ಎಂದು ಅವನಿಗೆ ಹೇಳಲಿಲ್ಲ. ಶುಕ್ರವಾರ ಅವನನ್ನು ಹೊಡೆದೆನಲ್ಲ.

ತಾತ ನನ್ನನ್ನು ಅಜ್ಜಿಯ ಹೆಸರಿನಿಂದ ಕರೆದ. ಓ ಎಂದೆ.

ಕಂಬ ನಿಜವಾಗಿ ಅಷ್ಟೇನೂ ಸೊಟ್ಟಗಿಲ್ಲ.

ಅದೇ ದಿನ, ಊರಿನಲ್ಲಿ

ಬಂದರು. ಬಾಸಿಲಿಯೊ ಮಾವ, ಇನ್ನೂ ಮೂವರು, ಎಲ್ಲರ ಮುಂದೆ ಗಾಸ್ಪರ್, ಊರ ಪಂಚಾಯಿತಿಯ ಹಿರಿಯನಂತೆ ಕೈಬೀಸುತ್ತ. ಮಾವ ನನ್ನನ್ನು ಅಪ್ಪಿಕೊಳ್ಳುವ ಮೊದಲು ಬೈದ. “ಎಲ್ಲಿ ಹಾಳಾಗಿ ಹೋಗಿದ್ರೇ ನೀವು? ಶನಿವಾರದಿಂದ ಕಾಡೆಲ್ಲಾ ಕೂಗ್ಕೊಂಡು ಸುತ್ತಿದೀವಿ. ಹೇಗೆ ಹೊರಟ್ರೂ ತಿರುಗಿ ಆ ಹಸಿರು ಶಿಲುಬೆ ಹತ್ರಾನೇ. ನಮ್ಮ ಮೂತಿ ನೋಡಿ ನೋಡಿ ಶಿಲುಬೆಗೂ ಬೇಜಾರಾಗಿರ್ಬೇಕು!”

“ಬೈಬೇಡ ಮಾವಾ, ಅಕ್ಕ ದಣಿದಿದಾಳೆ,” ಎಂದ ಗಾಸ್ಪರ್.

ಜೋಲಿಯನ್ನು ಗಳುವಿಗೆ ಕಟ್ಟಿ ತಾತನನ್ನು ಹೊತ್ತರು. ದಾರಿ ಎಲ್ಲಿಯೂ ಬಾಗಲಿಲ್ಲ. ಅಮ್ಮ ಶಿಲುಬೆಯ ಬಳಿಯೇ ಕಾದು ನಿಂತಿದ್ದಳು. ಅಲ್ಲಿಂದ ಟ್ರಕ್ಕಿನಲ್ಲಿ ಆಸ್ಪತ್ರೆಗೆ.

ಏಪ್ರಿಲ್ 26, ಭಾನುವಾರ

ತಾತ ಉಳಿದ. ಎಡಗಾಲಿನ ಎರಡು ಬೆರಳುಗಳು ಉಳಿಯಲಿಲ್ಲ. ಮನೆಗೆ ಬಂದು ಅಂಗಳದಲ್ಲಿ ಮೊದಲ ಸಲ ಕೋಲೂರಿ ನಡೆದಾಗ, “ನೋಡಮ್ಮ ಮೇಸ್ತ್ರಿ, ಈಗ ನಿಜವಾಗ್ಲೂ ತಾತ ಸೊಟ್ಟ,” ಎಂದು ಎಲ್ಲರನ್ನೂ ನಗಿಸಿದ. ನನಗೆ ನಗು ಬರಲಿಲ್ಲ. ಅವನ ಇನ್ನೊಂದು ತೋಳನ್ನು ನನ್ನ ಹೆಗಲ ಮೇಲೆ ಹಾಕಿಕೊಂಡೆ.

ಕಳೆದ ರಾತ್ರಿಯ ಊಟದ ಹೊತ್ತಿಗೆ ಅವನು ನಮ್ಮಿಬ್ಬರನ್ನೂ ಕರೆದು ಹೇಳಿದ್ದ. “ಒಪ್ಪಂದ ಅಂದ್ರೆ ಒಪ್ಪಂದ. ತೆರೆದು ಬಿಟ್ರೆ ನಾಳೆ ಇನ್ಯಾರನ್ನೋ ಸುತ್ತಿಸ್ತಾನೆ. ಹೋಗಿ ಮುಚ್ಚಿ ಬನ್ನಿ. ಬಿಸಿಲು...”

“...ಆ ಮನೆ ಮೇಲೆ ಬಿದ್ದಿರೋವಾಗ,” ಎಂದು ಗಾಸ್ಪರ್ ಮುಗಿಸಿದ.

ಇಂದು ಬೆಳಿಗ್ಗೆ ಬಾಸಿಲಿಯೊ ಮಾವನೊಡನೆ ಹೋದೆವು. ಚೀಲದಲ್ಲಿ ಕರಣೆಯಿತ್ತು. ದಾರಿಯುದ್ದಕ್ಕೂ ಗಾಸ್ಪರ್ ಮುಂದಿದ್ದ. ಅವನ ಹಿಂದೆ ನಡೆಯುತ್ತ ನಾನು ಆ ಗರಿಯ ಹಾಸಿಗೆಯ ತಗ್ಗನ್ನು ನೆನೆಯುತ್ತಿದ್ದೆ. ಸುತ್ತಲೂ ಕಲ್ಲು. ಹೊರಗಿನ ಸದ್ದೆಲ್ಲ ದೂರ. ಇನ್ನೊಬ್ಬರ ಕೈ ಮುಚ್ಚಿದ್ದು. ಬೂರುಗದ ಮರ ಬಂದಾಗ ನಿಂತೆ.

“ಅಕ್ಕಾ, ಮುಚ್ಲೇಬೇಕಾ?” ಎಂದು ಗಾಸ್ಪರ್ ಮೆಲ್ಲಗೆ ಕೇಳಿದ.

“ಮೊದಲು ಚಿಕ್ಕ ಯಜಮಾನರನ್ನ ಕೇಳೋಣ,” ಎಂದೆ. ಹೇಗೆ ಕೇಳುವುದೆಂದು ನನಗೂ ತಿಳಿದಿರಲಿಲ್ಲ.

ಕೇಳುವ ಅಗತ್ಯ ಬೀಳಲಿಲ್ಲ. ಆ ಪುಟ್ಟ ಮನೆಯ ಬಾಗಿಲು ಮುಚ್ಚಿತ್ತು. ಕಿಟಕಿಗಳೂ ಮುಚ್ಚಿದ್ದವು. ನಾನು ಕಿತ್ತು ರಾಶಿ ಹಾಕಿದ್ದ ಕಲ್ಲುಗಳೇ. ಬಾವಿಯ ಬಳಿ ಗಡಿಗೆಯಲ್ಲಿ ನಾನು ನೀರಿನಡಿ ಬಿಟ್ಟುಹೋಗಿದ್ದ ಸುಣ್ಣ ಮುಗಿದು ತಳ ಕಾಣುತ್ತಿತ್ತು. ಮಾವ ಸುತ್ತ ನೋಡಿ, “ಯಾರೋ ಬಂದು ಮುಚ್ಚಿ ಹೋಗಿದಾರೆ. ಒಳ್ಳೇದೇ ಆಯ್ತು, ಬಿಡು,” ಎಂದ.

ನಾನು ಗಾಸ್ಪರನಂತೆ ಹೊಟ್ಟೆಯ ಮೇಲೆ ಮಲಗಿ ನೋಡಿದೆ. ಹೊರಗೆ ನಿಂತು ಗಾರೆ ಒತ್ತಿದರೆ ಅದು ಒಳಕ್ಕೆ ಸರಿಯುತ್ತದೆ. ಹೊರಮೈಯಲ್ಲಿ ಕರಣೆಯ ಅಥವಾ ಕೈಯ ಗುರುತು ಉಳಿಯುತ್ತದೆ. ಇಲ್ಲಿ ಒಂದೇ ಒಂದು ಗುರುತಿರಲಿಲ್ಲ. ಕಲ್ಲುಕಲ್ಲಿನ ಸಂದಿನಿಂದಲೂ ಗಾರೆ ಹೊರಕ್ಕೆ ಉಬ್ಬಿ, ತುಟಿಯಂತೆ ಬಾಗಿ, ಹಾಗೆಯೇ ಒಣಗಿತ್ತು. ಒತ್ತಿದ ಕೈ ಒಳಬದಿಯದು.

ಹೊಸ್ತಿಲ ಹೊರಗೆ ಬುರುಡೆ ಬಟ್ಟಲಿತ್ತು. ತೊಳೆದು, ನೀರು ಬಸಿಯಲೆಂದು ಬೋರಲು ಹಾಕಿದ್ದರು. ಊಟ ಮುಗಿದ ಮೇಲೆ ಅಮ್ಮ ಹಾಕುವ ಹಾಗೆ.

ಕರಣೆ ತೆಗೆಯುವೆನೇನೋ ಎಂದು ಗಾಸ್ಪರ್ ನನ್ನ ಚೀಲವನ್ನೇ ನೋಡುತ್ತಿದ್ದ. ಬಿಸಿಲೇರುವ ಮೊದಲು ಮನೆ ಸೇರೋಣ ಎಂದೆ.

ಸಂಜೆ ತಾತ ಜೋಲಿಯಲ್ಲಿ ಕೂತು ಕೇಳಿದ. “ಮುಚ್ಚಿದ್ರಾ?”

“ಮುಚ್ಚಿದೆ.”

“ಕೆಲಸ ಹೇಗಿದೆ?”

“ಸೊಟ್ಟ. ಒಂದು ಕಲ್ಲೂ ನೆಟ್ಟಗಿಲ್ಲ. ಗಾರೆ ಎಲ್ಲಾ ಹೊರಗೆ ಬಂದಿದೆ.”

“ಮತ್ತೆ? ಕಿತ್ತು ಸರಿ ಮಾಡ್ಲಿಲ್ವಾ?”

“ಅದು ಅವರ ಮನೆ ತಾತಾ.”

ತಾತ ಬಹಳ ಹೊತ್ತು ನನ್ನನ್ನೇ ನೋಡಿದ. ಏಕೆಂದು ತಿಳಿಯಲಿಲ್ಲ.